ಜಪಾನ್ ಸಾಮಾನಿನ ಕೆಟ್ಟ ಹೆಸರು ಹೋದದ್ದು ಹೇಗೆ?

ಪ್ರಶ್ನೆ: ನಮ್ಮ ಅಜ್ಜನ ಕಾಲದಲ್ಲಿ ‘ಜಪಾನ್ ಸಾಮಾನು’ ಅಂದರೆ ಬೈಗುಳವಂತೆ. ಅಗ್ಗ, ನಕಲು, ಬಾಳಿಕೆ ಇಲ್ಲ ಅಂತ. ನಾನು ಶಾಲೆಗೆ ಹೋಗುವ ಹೊತ್ತಿಗೆ ಮಾತ್ರ ಯಾರ ಮನೆಗಾದರೂ ಜಪಾನಿನ ಟೇಪ್‌ರೆಕಾರ್ಡರ್ ಬಂದರೆ ಬೀದಿಯವರೆಲ್ಲ ನೋಡಲು ಹೋಗುತ್ತಿದ್ದರು. ನಡುವೆ ಏನಾಯಿತು? ಜಾಹೀರಾತಿನಿಂದ ಆಯಿತಾ, ಸರ್ಕಾರ ಮಾಡಿಸಿತಾ, ಕಂಪನಿಗಳೇ ಮಾಡಿಕೊಂಡವಾ? ಇನ್ನೆರಡು ಸಣ್ಣ ಪ್ರಶ್ನೆ. ಅಜ್ಜನ ದುರ್ಬೀನಿನ ಮೇಲೆ ‘ಮೇಡ್ ಇನ್ ಆಕ್ಯುಪೈಡ್ ಜಪಾನ್’ ಅಂತ ಇದೆ, ಹಾಗಂದರೇನು? ಜಪಾನಿನವರು ಒಂದು ಊರಿಗೆ ‘ಯುಎಸ್‌ಎ’ ಅಂತ ಹೆಸರಿಟ್ಟು, ಅಲ್ಲಿ ಮಾಡಿದ ಸಾಮಾನಿಗೆ ‘ಮೇಡ್ ಇನ್ ಯುಎಸ್‌ಎ’ ಮುದ್ರೆ ಒತ್ತುತ್ತಿದ್ದರು ಅನ್ನುವುದು ನಿಜವಾ? (ಹಾಸನದ ಓದುಗರೊಬ್ಬರು)

ಉತ್ತರ: ನೇರವಾಗಿ ಹೇಳಿಬಿಡುತ್ತೇನೆ. ಜಾಹೀರಾತಿನಿಂದ ಆದದ್ದಲ್ಲ. ಜಾಹೀರಾತು ಬಂದದ್ದು ತಡವಾಗಿ, ಬೇರೆ ಕೆಲಸವೆಲ್ಲ ಮುಗಿಯುತ್ತಾ ಬಂದಾಗ. ಅದಕ್ಕೂ ಹತ್ತು ಹದಿನೈದು ವರ್ಷ ಮೊದಲೇ ಅವರು ಕೈಗೆತ್ತಿಕೊಂಡದ್ದು ಯಾರೂ ಹಾಡಿ ಹೊಗಳದ ಒಂದು ಕೆಲಸವನ್ನು. ಕಳಪೆ ಮಾಲು ಹಡಗು ಹತ್ತದ ಹಾಗೆ ತಡೆಯುವುದು. ನನ್ನ ಮಟ್ಟಿಗೆ ಇಡೀ ಕಥೆಯ ತಿರುಳು ಇದೇ. ಸೋನಿ, ಹೋಂಡಾ ಬಗ್ಗೆ ಎಲ್ಲರೂ ಬರೆಯುತ್ತಾರೆ, ಬಂದರಿನಲ್ಲಿ ಪೆಟ್ಟಿಗೆ ಬಿಚ್ಚಿ ನೋಡಿದವರ ಬಗ್ಗೆ ಯಾರೂ ಬರೆಯುವುದಿಲ್ಲ. ಅದಕ್ಕೇ ಸ್ವಲ್ಪ ಉದ್ದವಾಗಿ ಹೇಳುತ್ತೇನೆ, ತಾಳ್ಮೆ ಇರಲಿ.

ಮೊದಲು ನಿಮ್ಮ ದುರ್ಬೀನಿನ ವಿಷಯ. 1945ರಲ್ಲಿ ಜಪಾನ್ ಸೋತ ಮೇಲೆ ಅಮೆರಿಕದ ಸೇನೆ ಅಲ್ಲಿ ಕೂತು ಆಡಳಿತ ನಡೆಸಿತು. 1952ರ ಏಪ್ರಿಲ್ ತನಕ. ಆ ಕಾಲದಲ್ಲಿ ಜಪಾನಿನ ವ್ಯಾಪಾರಿಗಳು ಹೊರದೇಶದವರ ಜೊತೆ ತಮ್ಮಷ್ಟಕ್ಕೆ ವ್ಯವಹಾರ ಮಾಡುವ ಹಾಗೇ ಇರಲಿಲ್ಲ. 1947ರಲ್ಲಿ ಖಾಸಗಿ ವ್ಯಾಪಾರಕ್ಕೆ ಸ್ವಲ್ಪ ಸ್ವಲ್ಪವಾಗಿ ಬಾಗಿಲು ತೆರೆಯಿತು. ಆಗ ಹೊರಗೆ ಹೋಗುವ ಸಾಮಾನಿನ ಮೇಲೆ ‘ಆಕ್ರಮಿತ ಜಪಾನಿನಲ್ಲಿ ತಯಾರಾದದ್ದು’ ಅಂತ ಮುದ್ರೆ ಇರಬೇಕಿತ್ತು. ಪಿಂಗಾಣಿ ಬೊಂಬೆ, ತಗಡಿನ ಆಟಿಕೆ, ಟೀ ಕಪ್ಪು, ದುರ್ಬೀನು ಎಲ್ಲದರ ಮೇಲೂ ಈ ಮುದ್ರೆ ಸಿಗುತ್ತದೆ. ಹಾಗಾಗಿ ನಿಮ್ಮ ಅಜ್ಜನ ದುರ್ಬೀನು 1947ರಿಂದ 1952ರ ನಡುವಿನದು. ಜೋಪಾನವಾಗಿ ಇಟ್ಟುಕೊಳ್ಳಿ. ಈ ಮುದ್ರೆ ಇರುವ ಸಾಮಾನನ್ನು ಹುಡುಕಿ ಹುಡುಕಿ ಕೂಡಿಡುವವರು ಅಮೆರಿಕದಲ್ಲಿ ತುಂಬ ಜನ ಇದ್ದಾರೆ.

ಆಗ ಆ ದೇಶದ ಸ್ಥಿತಿ ಹೇಗಿತ್ತು ಅನ್ನುವುದನ್ನು ನೆನಪಿಡಬೇಕು. ಊರುಗಳು ಸುಟ್ಟು ಹೋಗಿದ್ದವು. ಅಕ್ಕಿ, ಹತ್ತಿ, ಕಬ್ಬಿಣದ ಅದಿರು, ಎಣ್ಣೆ ಎಲ್ಲವೂ ಹೊರಗಿನಿಂದ ಬರಬೇಕು, ಕೊಳ್ಳಲು ಡಾಲರ್ ಬೇಕು, ಡಾಲರ್ ಬೇಕಾದರೆ ಏನನ್ನಾದರೂ ಮಾರಬೇಕು. ಯುದ್ಧಕ್ಕೆ ಮುಂಚೆ ಅಮೆರಿಕಕ್ಕೆ ಅವರು ಮುಖ್ಯವಾಗಿ ಮಾರುತ್ತಿದ್ದದ್ದು ಕಚ್ಚಾ ರೇಷ್ಮೆ. ಅದೇ ಜಪಾನ್ ರೇಷ್ಮೆ 1930ರ ದಶಕದಲ್ಲಿ ನಮ್ಮ ಕಡೆಗೂ ಅಗ್ಗದ ಬೆಲೆಗೆ ಬಂದು ಮೈಸೂರಿನ ರೇಷ್ಮೆ ಬೆಳೆಗಾರರನ್ನು ನೆಲಕಚ್ಚಿಸಿತ್ತು. ಆದರೆ 1940ರಲ್ಲಿ ಅಮೆರಿಕದ ಅಂಗಡಿಗಳಿಗೆ ನೈಲಾನ್ ಕಾಲುಚೀಲ ಬಂತು. ಹೆಂಗಸರ ಕಾಲುಚೀಲವೇ ರೇಷ್ಮೆಗೆ ದೊಡ್ಡ ಗಿರಾಕಿ. ಆ ಗಿರಾಕಿ ಹೋಯಿತು, ವಾಪಸ್ ಬರಲಿಲ್ಲ. ಅಂದರೆ ಯುದ್ಧ ಮುಗಿದಾಗ ಜಪಾನಿನ ಬಳಿ ಮಾರಲು ಹಳೇ ಮಾಲೂ ಇರಲಿಲ್ಲ, ಒಳ್ಳೇ ಹೆಸರೂ ಇರಲಿಲ್ಲ.

1949ರ ಏಪ್ರಿಲ್‌ನಲ್ಲಿ ಒಂದು ಡಾಲರಿಗೆ 360 ಯೆನ್ ಅಂತ ದರ ನಿಗದಿಯಾಯಿತು. ಇಪ್ಪತ್ತು ವರ್ಷಕ್ಕೂ ಜಾಸ್ತಿ ಕಾಲ ಅದು ಬದಲಾಗಲೇ ಇಲ್ಲ. ಈ ದರದಿಂದ ಜಪಾನಿನ ಸಾಮಾನು ಹೊರಗಿನವರಿಗೆ ಅಗ್ಗವಾಯಿತು. ಅಗ್ಗ ಆದದ್ದು ಒಳ್ಳೆಯದೇ, ಆದರೆ ಅಲ್ಲೇ ತೊಂದರೆಯೂ ಶುರುವಾಯಿತು. ನ್ಯೂಯಾರ್ಕಿನಿಂದ ಬಂದ ಖರೀದಿದಾರ ಒಂದು ಬೀದಿಯಲ್ಲಿ ಹತ್ತು ಚಿಕ್ಕ ಕಾರ್ಖಾನೆಗಳಿಗೆ ಹೋಗಿ ಬೆಲೆ ಕೇಳುತ್ತಾನೆ. ಒಬ್ಬ ಹತ್ತು ಸೆಂಟ್ ಅಂದರೆ ಪಕ್ಕದವನು ಒಂಬತ್ತು ಅನ್ನುತ್ತಾನೆ, ಅದರಾಚೆಯವನು ಎಂಟು. ಎಂಟಕ್ಕೆ ಒಪ್ಪಿಕೊಂಡವನು ಬಣ್ಣ ತೆಳು ಮಾಡುತ್ತಾನೆ, ತಗಡು ತೆಳು ಮಾಡುತ್ತಾನೆ, ಸ್ಕ್ರೂ ಎರಡು ಕಡಿಮೆ ಹಾಕುತ್ತಾನೆ. ಅವನಿಗೆ ಈ ತಿಂಗಳ ಊಟ ಮುಖ್ಯ, ಅವನನ್ನು ದೂರಿ ಪ್ರಯೋಜನವಿಲ್ಲ. ಆದರೆ ಅಮೆರಿಕದಲ್ಲಿ ಆ ಆಟಿಕೆ ಮುರಿದಾಗ ಅಲ್ಲಿಯ ತಾಯಿ ಬೈಯುವುದು ಆ ಕಾರ್ಖಾನೆಯವನನ್ನಲ್ಲ, ಅವನ ಹೆಸರೇ ಅವಳಿಗೆ ಗೊತ್ತಿಲ್ಲ. ಅವಳು ಬೈಯುವುದು ಜಪಾನನ್ನು. ಒಬ್ಬ ಉಳಿಸಿದ ಎರಡು ಸೆಂಟಿನ ಶಿಕ್ಷೆ, ಮುಂದಿನ ವರ್ಷ ಒಳ್ಳೇ ಕ್ಯಾಮೆರಾ ಮಾರಲು ಹೋದ ಇನ್ನೊಬ್ಬನಿಗೆ ಬೀಳುತ್ತಿತ್ತು.

ಆ ಹೆಸರು ಎಷ್ಟು ಕೆಟ್ಟಿತ್ತು ಅನ್ನುವುದಕ್ಕೆ ಸೋನಿ ಕಂಪನಿ ಕಟ್ಟಿದವರಲ್ಲಿ ಒಬ್ಬರಾದ ಅಕಿಯೊ ಮೊರಿಟಾ ಹೇಳಿಕೊಂಡ ಒಂದು ಪ್ರಸಂಗವಿದೆ. 1953ರಲ್ಲಿ ಮೊದಲ ಸಲ ಯುರೋಪಿಗೆ ಹೋಗಿದ್ದಾಗ ಜರ್ಮನಿಯ ಡ್ಯುಸೆಲ್‌ಡಾರ್ಫ್‌ನಲ್ಲಿ ಒಂದು ಹೋಟೆಲಿಗೆ ಹೋಗಿ ಐಸ್‌ಕ್ರೀಂ ತರಿಸಿಕೊಂಡರು. ಮೇಲೆ ಅಲಂಕಾರಕ್ಕೆ ಪುಟ್ಟ ಕಾಗದದ ಛತ್ರಿ ಚುಚ್ಚಿತ್ತು. ‘ಇದು ನಿಮ್ಮ ದೇಶದ್ದು’ ಅಂತ ಮಾಣಿ ಪ್ರೀತಿಯಿಂದಲೇ ಹೇಳಿದ. ಹೊರಗಿನವರಿಗೆ ಜಪಾನ್ ಅಂದರೆ ಇಷ್ಟೇ, ಕಾಗದದ ಛತ್ರಿ, ನಾವು ಹೋಗಬೇಕಾದ ದಾರಿ ಎಷ್ಟು ದೂರ ಇದೆ ಅಂತ ಮೊರಿಟಾರಿಗೆ ಅನಿಸಿತಂತೆ.

ಈಗ ತಪಾಸಣೆಗೆ ಬರೋಣ. 1948ರಲ್ಲೇ ರಫ್ತು ಮಾಲಿನ ಗುಣಮಟ್ಟದ ಬಗ್ಗೆ ಒಂದು ಕಾಯ್ದೆ ಬಂತು. ಅದು ಸಡಿಲವಾಗಿತ್ತು, ತಯಾರಕ ತಾನೇ ಪರೀಕ್ಷೆ ಮಾಡಿ ತಾನೇ ದರ್ಜೆ ಬರೆದುಕೊಳ್ಳಲು ಜಾಗವಿತ್ತು. ಸಾಲಲಿಲ್ಲ. 1957ರಲ್ಲಿ ರಫ್ತು ತಪಾಸಣೆ ಕಾಯ್ದೆ ಅಂತ ಬಿಗಿಯಾದದ್ದು ತಂದರು. ಸರ್ಕಾರ ಒಂದು ಪಟ್ಟಿ ಮಾಡುತ್ತದೆ. ಪಟ್ಟಿಯಲ್ಲಿರುವ ಮಾಲು ಯಾವುದೇ ಇರಲಿ, ಸರ್ಕಾರವೋ ಸರ್ಕಾರ ಗುರುತಿಸಿದ ಸಂಸ್ಥೆಯೋ ಪರೀಕ್ಷೆ ಮಾಡಿ ಪಾಸು ಮಾಡದೆ ದೇಶ ಬಿಡುವ ಹಾಗಿಲ್ಲ. ಕಂಪನಿ ಎಷ್ಟು ದೊಡ್ಡದು ಅನ್ನುವುದು ಲೆಕ್ಕಕ್ಕಿಲ್ಲ. ಪಟ್ಟಿಯಲ್ಲಿ ಮೀನಿನ ಡಬ್ಬಿ, ಬಟ್ಟೆ, ಆಟಿಕೆ, ಹೊಲಿಗೆ ಯಂತ್ರ, ಕ್ಯಾಮೆರಾ, ದುರ್ಬೀನು ಹೀಗೆ ನೂರಾರು ಬಗೆ.

ಕ್ಯಾಮೆರಾದವರು ಕಾಯ್ದೆ ಬರುವ ತನಕವೂ ಕಾಯಲಿಲ್ಲ. 1954ರಲ್ಲೇ ಜಪಾನ್ ಕ್ಯಾಮೆರಾ ತಪಾಸಣಾ ಸಂಸ್ಥೆ ಶುರುವಾಯಿತು. ಪಾಸಾದ ಕ್ಯಾಮೆರಾಕ್ಕೆ ಒಂದು ಪುಟ್ಟ ಮೊಟ್ಟೆಯಾಕಾರದ ಹೊಂಬಣ್ಣದ ಚೀಟಿ ಅಂಟಿಸುತ್ತಿದ್ದರು. ಅದರ ಮೇಲೆ ‘ಪಾಸ್ಡ್’ ಅಂತ ಬರೆದಿರುತ್ತದೆ. ಹಳೇ ಜಪಾನ್ ಕ್ಯಾಮೆರಾ ಯಾರ ಮನೆಯಲ್ಲಾದರೂ ಇದ್ದರೆ ನೋಡಿ, ಎಷ್ಟೋ ಕ್ಯಾಮೆರಾಗಳ ಮೇಲೆ ಆ ಚೀಟಿ ಇನ್ನೂ ಇದೆ. ದುರ್ಬೀನಿಗೂ ಇಂಥದೇ ಬೇರೆ ಸಂಸ್ಥೆ, ಅಂಥದೇ ಚೀಟಿ ಇತ್ತು, ನಿಮ್ಮ ಅಜ್ಜನದು ಅದಕ್ಕಿಂತ ಹಳೆಯದು. ಈ ಚೀಟಿ ಎರಡು ಕೆಲಸ ಮಾಡಿತು. ಹೊರಗಿನ ಗಿರಾಕಿಗೆ ಧೈರ್ಯ ಕೊಟ್ಟಿತು. ಅದಕ್ಕಿಂತ ಮುಖ್ಯವಾಗಿ, ಕಳಪೆ ಮಾಡಿ ಬೆಲೆ ಇಳಿಸುವವನನ್ನು ಆಟದಿಂದಲೇ ಹೊರಗಿಟ್ಟಿತು. ಎಂಟು ಸೆಂಟಿಗೆ ಒಪ್ಪಿಕೊಂಡವನ ಮಾಲು ಬಂದರಿನಲ್ಲೇ ನಿಂತರೆ, ಹತ್ತು ಸೆಂಟಿಗೆ ಚೆನ್ನಾಗಿ ಮಾಡುವವನು ಬದುಕಿಕೊಳ್ಳುತ್ತಾನೆ. ಜಾಹೀರಾತಿಗೆ ಕೋಟಿ ಸುರಿದರೂ ಇದು ಆಗುವ ಮಾತಲ್ಲ.

ಗುಣಮಟ್ಟದ ಮಾತು ಬಂದಾಗ ಡೆಮಿಂಗ್ ಹೆಸರು ಬರದೆ ಇರುವುದಿಲ್ಲ. ಅಮೆರಿಕದ ಸಂಖ್ಯಾಶಾಸ್ತ್ರಜ್ಞ, 1950ರಲ್ಲಿ ಜಪಾನಿಗೆ ಬಂದು ಇಂಜಿನಿಯರುಗಳಿಗೂ ಕಂಪನಿ ಮುಖ್ಯಸ್ಥರಿಗೂ ಪಾಠ ಮಾಡಿದರು, 1951ರಿಂದ ಅವರ ಹೆಸರಿನಲ್ಲಿ ಪ್ರಶಸ್ತಿ ಕೊಡಲು ಶುರು ಮಾಡಿದರು. ಅವರ ಪಾಲು ದೊಡ್ಡದೇ. ಆದರೆ ಎಲ್ಲವನ್ನೂ ಒಬ್ಬ ಗುರುವಿನ ತಲೆಗೆ ಕಟ್ಟುವುದು ನನಗೆ ಸರಿ ಕಾಣುವುದಿಲ್ಲ. ಪಾಠ ಕೇಳಿದ್ದು ದೊಡ್ಡ ಕಂಪನಿಗಳು. ಬೀದಿ ಬದಿಯ ಆಟಿಕೆ ಕಾರ್ಖಾನೆಯವನನ್ನು ಮುಟ್ಟಿದ್ದು ಬಂದರಿನ ತಪಾಸಣೆ.

ಕ್ಯಾಮೆರಾ ಹೆಸರು ಮಾಡಿದ ರೀತಿ ನೋಡಿ, ಅದರಲ್ಲಿ ಒಂದು ಪೈಸೆಯ ಜಾಹೀರಾತಿಲ್ಲ. 1950ರಲ್ಲಿ ಅಮೆರಿಕದ ‘ಲೈಫ್’ ಪತ್ರಿಕೆಯ ಛಾಯಾಗ್ರಾಹಕ ಡೇವಿಡ್ ಡಗ್ಲಸ್ ಡಂಕನ್ ಟೋಕಿಯೊದಲ್ಲಿದ್ದರು. ಜುನ್ ಮಿಕಿ ಅನ್ನುವ ಜಪಾನಿ ಛಾಯಾಗ್ರಾಹಕ ‘ನಿಕ್ಕೋರ್’ ಲೆನ್ಸಿನಲ್ಲಿ ಅವರದೇ ಫೋಟೊ ತೆಗೆದು ತೋರಿಸಿದರು. ಡಂಕನ್ ಆ ತನಕ ಜರ್ಮನಿಯ ಲೆನ್ಸ್ ಬಿಟ್ಟು ಬೇರೆ ನಂಬಿದವರಲ್ಲ. ಚಿತ್ರ ಅಷ್ಟು ಸ್ಪಷ್ಟವಾಗಿ ಬಂದದ್ದು ನೋಡಿ ಅವರು ಲೆನ್ಸ್ ಮಾಡುವ ನಿಪ್ಪಾನ್ ಕೊಗಾಕು ಕಾರ್ಖಾನೆಗೇ ಹೋದರು. ಅದೇ ಹೊತ್ತಿಗೆ ಕೊರಿಯಾ ಯುದ್ಧ ಶುರುವಾಯಿತು. ಡಂಕನ್ ತಮ್ಮ ಜರ್ಮನ್ ಕ್ಯಾಮೆರಾಗಳಿಗೆ ಜಪಾನಿನ ಲೆನ್ಸ್ ಹಾಕಿಕೊಂಡು ರಣರಂಗಕ್ಕೆ ಹೋದರು. ಆ ಫೋಟೊಗಳು ಅಮೆರಿಕ ತಲುಪಿದ ಮೇಲೆ ಅಲ್ಲಿಯ ಪತ್ರಿಕಾ ಕಚೇರಿಗಳಲ್ಲಿ ಯಾವ ಲೆನ್ಸ್ ಅಂತ ವಿಚಾರಣೆ ಶುರುವಾಯಿತು. 1950ರ ಡಿಸೆಂಬರಿನಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಈ ಲೆನ್ಸುಗಳ ಬಗ್ಗೆ ಬರೆಯಿತು. ಮುಂದೆ ಅದೇ ಕಂಪನಿ ನಿಕಾನ್ ಅಂತ ಹೆಸರಾಯಿತು. 1959ರಲ್ಲಿ ‘ನಿಕಾನ್ ಎಫ್’ ಬಂದ ಮೇಲಂತೂ ಪತ್ರಿಕಾ ಛಾಯಾಗ್ರಾಹಕರ ಕೊರಳಲ್ಲಿ ಅದೇ. ಕಸುಬಿನವನು ಒಪ್ಪಿದರೆ ಹವ್ಯಾಸಿ ತಾನಾಗಿ ಹಿಂದೆ ಬರುತ್ತಾನೆ, ಅಲ್ವಾ? ಆದರೆ ಗಮನಿಸಿ, ಹೊಗಳಿಕೆ ಓದಿ ಅಂಗಡಿಗೆ ಹೋದವನಿಗೆ ಕೆಟ್ಟ ಕ್ಯಾಮೆರಾ ಸಿಕ್ಕಿದ್ದರೆ ಅದು ಒಂದೇ ವರ್ಷದ ಹೊಗಳಿಕೆ ಆಗಿ ಮುಗಿಯುತ್ತಿತ್ತು. ತಪಾಸಣೆ ಆ ಹೊಗಳಿಕೆಯನ್ನು ಕಾಪಾಡಿತು.

ನಕಲಿನ ವಿಷಯವನ್ನೂ ಮುಚ್ಚಿಡಬಾರದು. ಅಜ್ಜ ಹೇಳಿದ್ದು ಸುಳ್ಳಲ್ಲ. ಬಟ್ಟೆಯ ವಿನ್ಯಾಸ, ಪಿಂಗಾಣಿಯ ಚಿತ್ತಾರ, ಆಟಿಕೆ, ಎಷ್ಟೋ ನಕಲಾಗುತ್ತಿತ್ತು, ಬ್ರಿಟನ್ನಿನ ಕಾರ್ಖಾನೆಯವರು ಮತ್ತೆ ಮತ್ತೆ ದೂರುತ್ತಿದ್ದರು. ಜಪಾನ್ ಸರ್ಕಾರ 1957ರಲ್ಲಿ ಒಳ್ಳೇ ವಿನ್ಯಾಸಕ್ಕೆ ‘ಜಿ ಮಾರ್ಕ್’ ಕೊಡಲು ಶುರು ಮಾಡಿತು. 1959ರಲ್ಲಿ ರಫ್ತು ಮಾಲಿನ ವಿನ್ಯಾಸಕ್ಕೇ ಅಂತ ಒಂದು ಕಾಯ್ದೆ ಮಾಡಿತು, ನಿಗದಿಯಾದ ಕೆಲವು ಬಗೆಯ ಮಾಲಿನ ವಿನ್ಯಾಸ ಬೇರೆಯವರದಲ್ಲ ಅಂತ ಖಾತ್ರಿಯಾದ ಮೇಲೆ ಮಾತ್ರ ಕಳಿಸಬಹುದಿತ್ತು. ಒಂದು ಕಡೆ ಬಹುಮಾನ, ಇನ್ನೊಂದು ಕಡೆ ತಡೆ. ಎರಡೂ ಒಟ್ಟಿಗೆ ನಡೆದವು.

ಇನ್ನು ಸ್ವಂತ ಹೆಸರಿನ ಪ್ರಶ್ನೆ. ಇಲ್ಲಿ ಕಂಪನಿಗಳ ನಡುವೆಯೇ ಎರಡು ದಾರಿ ಇತ್ತು. ಹೊಲಿಗೆ ಯಂತ್ರದವರು ಒಂದು ದಾರಿ ಹಿಡಿದರು. ಯುದ್ಧ ಮುಗಿದ ಮೇಲೆ ಬೇರೆ ಬೇರೆ ಕಾರ್ಖಾನೆಗಳ ಬಿಡಿಭಾಗಗಳು ಒಂದಕ್ಕೊಂದು ಕೂರುವ ಹಾಗೆ ಒಂದೇ ಅಳತೆ ಮಾಡಿಕೊಂಡರು. ಮಾದರಿ ಸಿಂಗರ್ ಕಂಪನಿಯದೇ. ಯಂತ್ರ ಗಟ್ಟಿ, ಬೆಲೆ ಕಡಿಮೆ, ಅಮೆರಿಕದಲ್ಲಿ ಲಕ್ಷಗಟ್ಟಲೆ ಮಾರಿದವು. ಆದರೆ ಅದರ ಮೇಲೆ ಯಾರ ಹೆಸರು? ಅಲ್ಲಿಯ ಅಂಗಡಿಯವನು ಕೇಳಿದ ಹೆಸರು. ಒಂದೇ ಯಂತ್ರ ನೂರಾರು ಹೆಸರಿನಲ್ಲಿ ಮಾರಾಟವಾಯಿತು. ದುಡ್ಡು ಬಂತು, ಮಾಡಿದವನ ಗುರುತು ಉಳಿಯಲಿಲ್ಲ.

ಮೊರಿಟಾ ಇನ್ನೊಂದು ದಾರಿ ಹಿಡಿದರು. 1955ರಲ್ಲಿ ಸಣ್ಣ ಟ್ರಾನ್ಸಿಸ್ಟರ್ ರೇಡಿಯೊ ಹಿಡಿದುಕೊಂಡು ನ್ಯೂಯಾರ್ಕಿಗೆ ಹೋದರು. ಬೆಲೆ 29 ಡಾಲರ್ 95 ಸೆಂಟ್. ಹೆಸರಾಂತ ಗಡಿಯಾರ ಕಂಪನಿ ಬುಲೋವಾದ ಖರೀದಿ ಅಧಿಕಾರಿ ನೋಡಿ ಮೆಚ್ಚಿ, 1,00,000 ರೇಡಿಯೊ ಬೇಕು ಅಂದರು. ಒಂದೇ ಷರತ್ತು, ಮೇಲೆ ಬುಲೋವಾ ಹೆಸರಿರಬೇಕು. ಆ ಆರ್ಡರಿನ ಮೊತ್ತ ಆಗಿನ ಸೋನಿ ಕಂಪನಿಯ ಬಂಡವಾಳಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಟೋಕಿಯೊದ ಕಚೇರಿಯಿಂದ ಒಪ್ಪಿಕೊಳ್ಳಿ ಅಂತಲೇ ಸೂಚನೆ ಬಂತು. ಮೊರಿಟಾ ಒಪ್ಪಲಿಲ್ಲ. ನಮ್ಮ ಹೆಸರು ಕಟ್ಟಲು ಐವತ್ತು ವರ್ಷ ಹಿಡಿದಿದೆ, ನಿಮ್ಮ ಹೆಸರು ಯಾರಿಗೆ ಗೊತ್ತು ಅಂತ ಆ ಅಧಿಕಾರಿ ಕೇಳಿದಾಗ, ಐವತ್ತು ವರ್ಷದ ಹಿಂದೆ ನಿಮ್ಮ ಹೆಸರೂ ಯಾರಿಗೂ ಗೊತ್ತಿರಲಿಲ್ಲ, ನಾವು ಈಗ ಆ ಮೊದಲ ಹೆಜ್ಜೆ ಇಡುತ್ತಿದ್ದೇವೆ ಅನ್ನುವ ಅರ್ಥದ ಉತ್ತರ ಕೊಟ್ಟು ಎದ್ದು ಬಂದರು.

ಅದೇ ಪ್ರವಾಸದ ಇನ್ನೊಂದು ಪ್ರಸಂಗ ನನಗೆ ಇದಕ್ಕಿಂತ ಇಷ್ಟ. ಸುಮಾರು 150 ಅಂಗಡಿಗಳಿದ್ದ ಒಬ್ಬ ವ್ಯಾಪಾರಿ 5,000, 10,000, 30,000, 50,000, 1,00,000 ರೇಡಿಯೊಗಳಿಗೆ ಬೇರೆ ಬೇರೆ ಬೆಲೆ ಕೇಳಿದ. ಜಾಸ್ತಿ ತಗೊಂಡರೆ ಬೆಲೆ ಇಳಿಯುತ್ತದೆ ಅನ್ನುವುದು ಲೋಕರೂಢಿ. ಮೊರಿಟಾ ಕೊಟ್ಟ ಪಟ್ಟಿಯಲ್ಲಿ 10,000ಕ್ಕೆ ಬೆಲೆ ಇಳಿದಿತ್ತು, 30,000ಕ್ಕೆ ಮತ್ತೆ ಏರಿತ್ತು, 50,000ಕ್ಕೆ ಮೊದಲಿಗಿಂತಲೂ ಮೇಲೆ, 1,00,000ಕ್ಕೆ ಇನ್ನೂ ಮೇಲೆ. ವ್ಯಾಪಾರಿ ಕಕ್ಕಾಬಿಕ್ಕಿಯಾದ. ಮೊರಿಟಾ ವಿವರಿಸಿದರು: ಅಷ್ಟು ಮಾಡಬೇಕಾದರೆ ನಾನು ಕಾರ್ಖಾನೆ ದೊಡ್ಡದು ಮಾಡಬೇಕು, ಜನ ತೆಗೆದುಕೊಳ್ಳಬೇಕು, ಮುಂದಿನ ವರ್ಷ ನೀವು ಬರದಿದ್ದರೆ ಅವರನ್ನೆಲ್ಲ ಏನು ಮಾಡಲಿ? ಆ ಖರ್ಚೆಲ್ಲ ಈ ಒಂದು ಆರ್ಡರಿನಲ್ಲೇ ಹುಟ್ಟಬೇಕು. ಕೊನೆಗೆ ಆತ 10,000 ತಗೊಂಡ. ಇಬ್ಬರಿಗೂ ಸರಿ ಹೋಯಿತು. ದೊಡ್ಡ ಆರ್ಡರ್ ಸಿಕ್ಕ ಸಂಭ್ರಮದಲ್ಲಿ ಸಾಲ ಮಾಡಿ ಶೆಡ್ಡು ಕಟ್ಟಿ, ಮರುವರ್ಷ ಗಿರಾಕಿ ಫೋನೇ ಎತ್ತದೆ ಕೈಸುಟ್ಟುಕೊಂಡ ಸಣ್ಣ ರಫ್ತುದಾರರು ನಮ್ಮಲ್ಲೂ ಇದ್ದಾರೆ. ಅವರಿಗೆಲ್ಲ ನಾನು ಈ ಬೆಲೆಪಟ್ಟಿಯ ವಿಷಯ ಹೇಳುತ್ತಲೇ ಇರುತ್ತೇನೆ.

ಹೆಸರನ್ನು ಕಾಪಾಡಿಕೊಂಡದ್ದಕ್ಕೆ ಫಲ ಬೇಗ ಸಿಕ್ಕಿತು. 1957ರಲ್ಲಿ ಅಂಗಿ ಜೇಬಿನ ರೇಡಿಯೊ ಅಂತ ಟಿಆರ್-63 ಬಂತು. ನಿಜವಾಗಿ ಅದು ಮಾಮೂಲಿ ಜೇಬಿಗಿಂತ ಒಂದು ಕೂದಲೆಳೆ ದೊಡ್ಡದಿತ್ತು, ಹಾಗಾಗಿ ಮಾರಾಟದ ಹುಡುಗರಿಗೆ ದೊಡ್ಡ ಜೇಬಿನ ಅಂಗಿ ಹೊಲಿಸಿದರು. 1958ರ ಜನವರಿಯಲ್ಲಿ ಕಂಪನಿ ತನ್ನ ಹೆಸರನ್ನೇ ಸೋನಿ ಅಂತ ಬದಲಾಯಿಸಿಕೊಂಡಿತು. ಅದೇ ತಿಂಗಳು ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ವಿತರಕರ ಗೋದಾಮಿಗೆ ಕಳ್ಳರು ನುಗ್ಗಿ ಸುಮಾರು 4,000 ಸೋನಿ ರೇಡಿಯೊ ಹೊತ್ತುಕೊಂಡು ಹೋದರು. ಪಕ್ಕದಲ್ಲೇ ಇದ್ದ ಬೇರೆ ಕಂಪನಿಗಳ ರೇಡಿಯೊಗಳನ್ನು ಮುಟ್ಟಲಿಲ್ಲ. ಸುದ್ದಿ ಪತ್ರಿಕೆಗಳಲ್ಲಿ ಬಂದು ಸೋನಿ ಹೆಸರು ಊರೆಲ್ಲ ಹರಡಿತು.

ಇಷ್ಟಾದರೂ ಸೋನಿ ತನ್ನ ದೇಶದ ಹೆಸರನ್ನು ಮುಂದೆ ಮಾಡಲಿಲ್ಲ. ‘ಮೇಡ್ ಇನ್ ಜಪಾನ್’ ಅನ್ನುವ ಸಾಲನ್ನು ಆದಷ್ಟು ಸಣ್ಣ ಅಕ್ಷರದಲ್ಲಿ ಹಾಕುತ್ತಿದ್ದರು, ಒಮ್ಮೆ ತೀರಾ ಸಣ್ಣದಾಗಿ ಅಮೆರಿಕದ ಕಸ್ಟಮ್ಸ್‌ನವರು ದೊಡ್ಡದು ಮಾಡಿ ಅಂತ ಹೇಳಿದ್ದನ್ನು ಮೊರಿಟಾ ಅವರೇ ಬರೆದಿದ್ದಾರೆ. 1962ರಲ್ಲಿ ನ್ಯೂಯಾರ್ಕಿನ ಫಿಫ್ತ್ ಅವೆನ್ಯೂದಲ್ಲಿ ಸ್ವಂತ ಪ್ರದರ್ಶನ ಮಳಿಗೆ ತೆರೆದಾಗ ಮಾತ್ರ ಬಾಗಿಲಲ್ಲಿ ಜಪಾನಿನ ಬಾವುಟ ಹಾರಿಸಿದರು. ಏಳು ವರ್ಷದಲ್ಲಿ ಅಷ್ಟು ಬದಲಾವಣೆ.

ಸರಿ, ಜಾಹೀರಾತಿಗೆ ಬರುತ್ತೇನೆ. ಒಂದೇ ಉದಾಹರಣೆ ಸಾಕು, ಹೋಂಡಾ. 1959ರಲ್ಲಿ ಲಾಸ್ ಏಂಜಲೀಸಿನಲ್ಲಿ ಚಿಕ್ಕ ಅಂಗಡಿ ತೆರೆದರು. ಕಿಹಾಚಿರೊ ಕವಾಶಿಮಾ ಅನ್ನುವವರು ಮುಖ್ಯಸ್ಥ. ಜಪಾನಿನ ಹಣಕಾಸು ಇಲಾಖೆ 2,50,000 ಡಾಲರ್ ಹೂಡಲು ಮಾತ್ರ ಅನುಮತಿ ಕೊಟ್ಟಿತ್ತು, ಅದರಲ್ಲಿ ನಗದು 1,10,000 ಅಷ್ಟೇ. ಅಮೆರಿಕದವರಿಗೆ ದೊಡ್ಡ ಬೈಕೇ ಬೇಕು ಅಂದುಕೊಂಡು ದೊಡ್ಡವನ್ನೇ ಮಾರಲು ಹೋದರು. ಅಲ್ಲಿಯ ಉದ್ದ ರಸ್ತೆಗಳಲ್ಲಿ ಜನ ಜಾಸ್ತಿ ವೇಗದಲ್ಲಿ ಜಾಸ್ತಿ ದೂರ ಓಡಿಸಿದಾಗ ಎಣ್ಣೆ ಸೋರಿತು, ಕ್ಲಚ್ ಕೆಟ್ಟಿತು. ಅದೇ ಹೊತ್ತಿಗೆ ಹೋಂಡಾದ ಹುಡುಗರು ಅಂಗಡಿ ಕೆಲಸಕ್ಕೆ ಅಂತ ತಾವೇ ಓಡಿಸುತ್ತಿದ್ದ 50 ಸಿಸಿಯ ಪುಟ್ಟ ಸೂಪರ್ ಕಬ್ ಮೇಲೆ ಜನರ ಕಣ್ಣು ಬಿತ್ತು, ಇದು ಎಲ್ಲಿ ಸಿಗುತ್ತದೆ ಅಂತ ಕೇಳತೊಡಗಿದರು. ಆಗ ಅಮೆರಿಕದಲ್ಲಿ ಮೋಟಾರ್‌ಸೈಕಲ್ ಅಂದರೆ ಚರ್ಮದ ಜಾಕೆಟ್ಟಿನ ಪುಂಡರು ಅನ್ನುವ ಭಾವನೆ. 1963ರಲ್ಲಿ ಬಂದ ಹೋಂಡಾ ಜಾಹೀರಾತಿನಲ್ಲಿ ಗೃಹಿಣಿ, ವಿದ್ಯಾರ್ಥಿ, ಮುದುಕಿ, ತಂದೆ ಮಗ ಎಲ್ಲರೂ ಆ ಪುಟ್ಟ ಬಂಡಿ ಮೇಲೆ ಕೂತಿದ್ದರು. ಹೋಂಡಾ ಓಡಿಸುವವರು ಎಲ್ಲರಿಗಿಂತ ಒಳ್ಳೆಯ ಜನ ಅನ್ನುವ ಅರ್ಥದ ಒಂದು ಸಾಲು. ಅದರಲ್ಲಿ ಜಪಾನಿನ ಮಾತೇ ಇಲ್ಲ. ಕೊಳ್ಳುವವನ ಚಿತ್ರವನ್ನು ಬದಲಾಯಿಸಿದರು. ಅದ್ಭುತ ಜಾಹೀರಾತು, ನಾನು ಮನಸಾರೆ ಒಪ್ಪುತ್ತೇನೆ. ಆದರೆ ಆ ಬಂಡಿ ಕೆಡದೆ ಓಡುತ್ತಿದ್ದದ್ದರಿಂದಲೇ ಆ ಜಾಹೀರಾತು ನಿಂತಿತು.

ಅದಕ್ಕೆ ಎದುರು ಉದಾಹರಣೆ ಟೊಯೊಟಾ. 1957ರಲ್ಲಿ ಟೊಯೊಪೆಟ್ ಕ್ರೌನ್ ಕಾರನ್ನು ಕ್ಯಾಲಿಫೋರ್ನಿಯಕ್ಕೆ ತಗೊಂಡು ಹೋದರು. ಜಪಾನಿನ ಕೆಟ್ಟ ರಸ್ತೆಗೆ ಅಂತ ಮಾಡಿದ ಭಾರದ ಕಾರು, ಅಮೆರಿಕದ ಹೆದ್ದಾರಿ ವೇಗದಲ್ಲಿ ಬಿಸಿಯಾಯಿತು, ಅದುರಿತು. 1958ರಲ್ಲಿ 300 ಕೂಡ ಮಾರಾಟವಾಗಲಿಲ್ಲ. 1960ರ ಕೊನೆಗೆ ಅಲ್ಲಿಗೆ ಆ ಕಾರು ಕಳಿಸುವುದನ್ನೇ ನಿಲ್ಲಿಸಿದರು. ಜೀಪಿನಂಥ ಲ್ಯಾಂಡ್ ಕ್ರೂಸರ್ ಮಾತ್ರ ಮಾರುತ್ತಾ ಅಂಗಡಿಗಳನ್ನು ಜೀವಂತವಾಗಿಟ್ಟರು. ಅಮೆರಿಕದ ರಸ್ತೆಗೆ ತಕ್ಕ ಕೊರೊನಾ ತಯಾರಾದ ಮೇಲೆ, 1965ರಲ್ಲಿ, ಮತ್ತೆ ಬಂದರು. ನಡುವಿನ ಆ ವರ್ಷಗಳಲ್ಲಿ ಸುಳ್ಳು ಹೇಳಿ ಕ್ರೌನ್ ಮಾರಿದ್ದರೆ ಹೆಸರು ಇನ್ನೂ ಕೆಡುತ್ತಿತ್ತು. ನಿಲ್ಲಿಸುವ ಧೈರ್ಯವನ್ನೂ ನಾನು ಮಾರುಕಟ್ಟೆ ಕೆಲಸ ಅಂತಲೇ ಎಣಿಸುತ್ತೇನೆ.

ಸರ್ಕಾರದ ಪಾಲು ತಪಾಸಣೆಯೊಂದೇ ಅಲ್ಲ. 1951ರಲ್ಲಿ ಒಸಾಕಾದಲ್ಲಿ ಹೊರದೇಶದ ಮಾರುಕಟ್ಟೆ ಅಧ್ಯಯನಕ್ಕೆ ಅಂತ ಶುರುವಾದ ಸಂಸ್ಥೆ 1958ರಲ್ಲಿ ‘ಜೆಟ್ರೊ’ ಆಯಿತು. ಯಾವ ದೇಶದಲ್ಲಿ ಯಾವ ಅಳತೆಯ ಅಂಗಿ ಓಡುತ್ತದೆ, ಯಾವ ಬಣ್ಣ ಬೇಡ, ಸುಂಕ ಎಷ್ಟು ಅನ್ನುವುದನ್ನು ಊರಿನಲ್ಲಿ ಕೂತ ಸಣ್ಣ ತಯಾರಕನಿಗೆ ತಿಳಿಸುವುದು ಅದರ ಕೆಲಸ. ರಫ್ತು ಆದಾಯಕ್ಕೆ 1953ರಿಂದ 1964ರ ತನಕ ತೆರಿಗೆ ರಿಯಾಯಿತಿ ಇತ್ತು. ಸಾಲಕ್ಕೆ ರಫ್ತು ಬ್ಯಾಂಕ್ ಇತ್ತು. 1962ರಲ್ಲಿ ‘ಸಕುರಾ ಮಾರು’ ಅಂತ ಒಂದು ಹಡಗನ್ನೇ ಪ್ರದರ್ಶನ ಮಳಿಗೆಯಾಗಿ ಕಟ್ಟಿಸಿ ದೇಶ ದೇಶದ ಬಂದರಿಗೆ ಕಳಿಸಿದರು. ಮತ್ತೆ ಅದೃಷ್ಟವೂ ಇತ್ತು, ಅದನ್ನು ಹೇಳದಿದ್ದರೆ ಉತ್ತರ ಅರ್ಧ. ಕೊರಿಯಾ ಯುದ್ಧದಲ್ಲಿ ಅಮೆರಿಕದ ಸೇನೆ ಲಾರಿಯಿಂದ ಹಿಡಿದು ಬಟ್ಟೆ ತನಕ ಜಪಾನಿನಲ್ಲಿ ಕೊಂಡಿತು, ಸಾಯುತ್ತಿದ್ದ ಎಷ್ಟೋ ಕಾರ್ಖಾನೆಗಳು ಅದರಿಂದ ಉಸಿರಾಡಿದವು. ಕಮ್ಯುನಿಸ್ಟ್ ಚೀನಾದ ಎದುರು ಜಪಾನ್ ಗಟ್ಟಿಯಾಗಿ ನಿಲ್ಲಲಿ ಅಂತ ಅಮೆರಿಕ ತನ್ನ ಮಾರುಕಟ್ಟೆಯನ್ನೂ ತೆರೆದಿಟ್ಟಿತು.

ತೆರೆದಿಟ್ಟಿತು ಅಂದರೆ ಅಲ್ಲಿಯ ಕಾರ್ಖಾನೆಗಳು ಸುಮ್ನೆ ಕೂತವು ಅಂತ ಅಲ್ಲ. 1955ರ ಹೊತ್ತಿಗೆ ಒಂದು ಡಾಲರಿನ ಜಪಾನ್ ಬ್ಲೌಸು ಅಮೆರಿಕದ ಅಂಗಡಿಗಳಲ್ಲಿ ರಾಶಿ ಬಿತ್ತು. ದಕ್ಷಿಣದ ಬಟ್ಟೆ ಗಿರಣಿಗಳು ಕೂಗೆಬ್ಬಿಸಿದವು. 1956ರಲ್ಲಿ ಸೌತ್ ಕ್ಯಾರೊಲಿನಾ ಮತ್ತು ಅಲಬಾಮಾ ರಾಜ್ಯಗಳು, ‘ಇಲ್ಲಿ ಜಪಾನ್ ಬಟ್ಟೆ ಮಾರಲಾಗುತ್ತದೆ’ ಅಂತ ಅಂಗಡಿ ಮುಂದೆ ಫಲಕ ಹಾಕಲೇಬೇಕು ಅನ್ನುವ ಕಾನೂನನ್ನೇ ಮಾಡಿದವು. 1957ರಿಂದ ಜಪಾನ್ ತಾನೇ ಐದು ವರ್ಷ ಹತ್ತಿ ಬಟ್ಟೆ ರಫ್ತಿಗೆ ಮಿತಿ ಹಾಕಿಕೊಂಡಿತು. ಸದಸ್ಯ ದೇಶಗಳು ಒಬ್ಬರ ಮಾಲಿಗೆ ಇನ್ನೊಬ್ಬರು ಸುಂಕದಲ್ಲಿ ಸವಲತ್ತು ಕೊಡುವ ‘ಗ್ಯಾಟ್’ ಅನ್ನುವ ವ್ಯಾಪಾರ ಒಪ್ಪಂದಕ್ಕೆ 1955ರಲ್ಲಿ ಜಪಾನ್ ಸೇರಿದಾಗ ಬ್ರಿಟನ್ ಸೇರಿ 14 ದೇಶಗಳು ನಿಮಗೆ ಆ ಸವಲತ್ತು ಕೊಡುವುದಿಲ್ಲ ಅಂದವು. ಅಗ್ಗದ ಮಾಲನ್ನು ಒಂದೇ ಸಲ ಸುರಿದರೆ ಬಾಗಿಲು ಮುಚ್ಚುತ್ತದೆ ಅಂತ ಇದರಿಂದ ಅವರಿಗೆ ಮನವರಿಕೆಯಾಯಿತು. ಕ್ಯಾಮೆರಾ, ರೇಡಿಯೊದಂಥ ಬೆಲೆಯ ಮಾಲಿನ ಕಡೆ ತಿರುಗಲು ಇದೂ ಒಂದು ಕಾರಣ.

ನಮ್ಮ ಕಡೆ ಇದು ಹೇಗೆ ತಲುಪಿತು ಅಂತ ಕೇಳಿದರೆ, ಬೆಂಗಳೂರಿನ ಎಚ್‌ಎಂಟಿ ನೆನೆಸಿಕೊಳ್ಳಿ. 1961ರಲ್ಲಿ ಅದು ಕೈಗಡಿಯಾರ ಮಾಡಲು ಶುರು ಮಾಡಿದ್ದು ಜಪಾನಿನ ಸಿಟಿಜನ್ ಕಂಪನಿಯ ಸಹಕಾರದಿಂದ. ಹತ್ತೇ ವರ್ಷ ಹಿಂದೆ ಕಾಗದದ ಛತ್ರಿಗೆ ಹೆಸರಾಗಿದ್ದ ದೇಶದಿಂದ ನಾವು ಗಡಿಯಾರದ ವಿದ್ಯೆ ಕಲಿತೆವು. 1963ರಲ್ಲಿ ನಮ್ಮ ಸಂಸತ್ತೂ ರಫ್ತು ಗುಣಮಟ್ಟ ನಿಯಂತ್ರಣ ಮತ್ತು ತಪಾಸಣೆ ಕಾಯ್ದೆ ಮಾಡಿತು. ಅದರ ಕೆಳಗೆ ಬಂದ ತಪಾಸಣಾ ಮಂಡಳಿ ಇವತ್ತಿಗೂ ಇದೆ, ಮಂಗಳೂರು ಕಡೆಯಿಂದ ಹೊರದೇಶಕ್ಕೆ ಹೋಗುವ ಮೀನಿಗೆ ಅದರ ಪ್ರಮಾಣಪತ್ರ ಬೇಕು. ತಪಾಸಣೆ ಅಂದರೆ ತಲೆನೋವು ಅಂತ ಬೇಸರಪಡುವ ರಫ್ತುದಾರರು ತುಂಬ ಜನ. ವಿಳಂಬ, ಕಾಗದ ಪತ್ರ, ಓಡಾಟ ಇವುಗಳ ಬಗ್ಗೆ ದೂರುವುದು ನ್ಯಾಯವೇ. ಆದರೆ ತಪಾಸಣೆಯೇ ಬೇಡ ಅನ್ನುವವರ ಜೊತೆ ನಾನು ಖಂಡಿತ ಇಲ್ಲ. ಪಕ್ಕದವನು ಕಳಿಸಿದ ಒಂದು ಕೆಟ್ಟ ಪೆಟ್ಟಿಗೆಗೆ ಅವರೇ ಬೆಲೆ ತೆರಬೇಕಾಗುತ್ತದೆ. ಜಪಾನಿನಲ್ಲಿ ಗುಣಮಟ್ಟ ನೆಲೆ ನಿಂತ ಹಾಗೆಲ್ಲ ಒಂದೊಂದೇ ಮಾಲನ್ನು ಪಟ್ಟಿಯಿಂದ ತೆಗೆಯುತ್ತಾ ಬಂದು, 1997ರಲ್ಲಿ ಆ ಕಾಯ್ದೆಯನ್ನೇ ರದ್ದು ಮಾಡಿದರು. ನಲವತ್ತು ವರ್ಷ ಇಟ್ಟುಕೊಂಡ ಮೇಲೆ.

ಕೊನೆಗೆ ‘ಯುಎಸ್‌ಎ’ ಊರಿನ ಕಥೆ. ಊರು ನಿಜ, ಮುದ್ರೆಯ ಕಥೆ ಸುಳ್ಳು. ಕ್ಯೂಶು ದ್ವೀಪದ ಒಯಿಟಾ ಪ್ರಾಂತ್ಯದಲ್ಲಿ ಉಸಾ ಅನ್ನುವ ಊರಿದೆ, ಅಲ್ಲಿಯ ಹಾಚಿಮಾನ್ ದೇವಾಲಯ ಸಾವಿರ ವರ್ಷಕ್ಕಿಂತ ಹಳೆಯದು. ಅಂದರೆ ಅಮೆರಿಕ ಅನ್ನುವ ದೇಶ ಹುಟ್ಟುವ ಎಷ್ಟೋ ಮೊದಲೇ ಆ ಹೆಸರು ಇತ್ತು, ಯಾರೂ ಮೋಸಕ್ಕೆ ಅಂತ ಇಟ್ಟದ್ದಲ್ಲ. ಇನ್ನು ಅಮೆರಿಕದ ಕಾನೂನಿನ ಪ್ರಕಾರ ಹೊರಗಿನಿಂದ ಬರುವ ಸಾಮಾನಿನ ಮೇಲೆ ದೇಶದ ಹೆಸರು ಇಂಗ್ಲಿಷಿನಲ್ಲಿ ಇರಲೇಬೇಕು, ಊರಿನ ಹೆಸರು ಹಾಕಿದರೆ ನಡೆಯುವುದಿಲ್ಲ. ಸಣ್ಣ ಅಕ್ಷರದಲ್ಲಿ ಬರೆದ ‘ಮೇಡ್ ಇನ್ ಜಪಾನ್’ ಕಂಡರೇ ಆಕ್ಷೇಪ ಎತ್ತಿದ ಕಸ್ಟಮ್ಸ್‌ನವರು ‘ಮೇಡ್ ಇನ್ ಯುಎಸ್‌ಎ’ ಅಂತ ಇರುವ ಪೆಟ್ಟಿಗೆ ಜಪಾನಿನ ಹಡಗಿನಿಂದ ಇಳಿದರೆ ಬಿಡುತ್ತಿದ್ದರಾ? ಆದರೂ ಆ ಕಥೆಯನ್ನು ಜನ ಅಷ್ಟು ಸುಲಭವಾಗಿ ನಂಬಿದರಲ್ಲ, ಅದರಿಂದಲೇ ಗೊತ್ತಾಗುತ್ತದೆ ಆಗ ಜಪಾನಿನ ಹೆಸರು ಯಾವ ಮಟ್ಟದಲ್ಲಿತ್ತು ಅಂತ.